ಹಸಿರು ಬಾಗಿಲು, ಹಸಿರು ಮೀಟರು

ಮಹಡಿಯಲ್ಲಿ ಬಾಡಿಗೆಗಿದ್ದ ಟೈಲರಮ್ಮನ ಬಾಯಿ ಜೋರು, ಆದರೆ ಕೈ ಅಳತೆ ತಪ್ಪಿದ್ದಿಲ್ಲ. ಅಂಗಿ ಬಿಗಿಯಾಯಿತೆಂದು ಯಾರಾದರೂ ದೂರಿದರೆ, "ಟೇಪು ಹಿಡಿದು ನೋಡೇಬಿಡೋಣ ಬನ್ನಿ" ಎನ್ನುವುದೇ ಅವಳ ಉತ್ತರ.

ಕೆಳಗಿನ ಮನೆಯಲ್ಲಿದ್ದ ಮಾಲೀಕ ಬೋರ್ಡು ಬರೆಯುವ ಪೇಂಟರು. ಬಣ್ಣಕ್ಕೆ ಬಣ್ಣ ಹೊಂದಿದರೆ ಅವನಿಗೆ ಲೋಕವೇ ಸರಿ. ಅವಳ ಬಾಗಿಲಿಗೆ ಹಸಿರು, ತನ್ನದಕ್ಕೆ ನೀಲಿ ಬಳಿದವನು, ಡಬ್ಬಿಯಲ್ಲಿ ಬಣ್ಣ ಉಳಿಯಿತೆಂದು ಗೇಟಿನ ಪಕ್ಕದ ಎರಡು ನೀರಿನ ಮೀಟರುಗಳಿಗೂ ಒಂದಕ್ಕೆ ಹಸಿರು, ಇನ್ನೊಂದಕ್ಕೆ ನೀಲಿ ಬಳಿದುಬಿಟ್ಟ. ಬಿಲ್ಲು ಹಂಚುವವನು ಬಣ್ಣ ನೋಡಿಕೊಂಡು ಬಿಲ್ಲು ಸಿಕ್ಕಿಸಿ ಹೋದ. ಹಸಿರು ಬಾಗಿಲಿಗೆ ಬಂದದ್ದು ಎಂದಿನದರ ಮೂರು ಪಟ್ಟು.

"ದಿನವಿಡೀ ಬಟ್ಟೆ ಜೊತೇನೇ ಇರ್ತೀರಿ, ಇನ್ನೆಷ್ಟು ಬರಬೇಕಮ್ಮಾ?" ಎಂದ ಮಾಲೀಕ.

"ನಾನು ಬಟ್ಟೆ ಹೊಲಿಯೋಳು ಅಣ್ಣಾ, ಒಗೆಯೋಳಲ್ಲ."

ಮರುದಿನ ಬೆಳಿಗ್ಗೆ ಅವಳು ತನ್ನ ಮನೆಯ ನಲ್ಲಿಗಳನ್ನೆಲ್ಲ ಬಿಗಿಯಾಗಿ ನಿಲ್ಲಿಸಿ ಗೇಟಿನ ಬಳಿ ಬಂದಳು. ಹಸಿರು ಮೀಟರಿನ ಮುಳ್ಳು ಬುಗುರಿಯಂತೆ ತಿರುಗುತ್ತಿತ್ತು. ಕೆಳಮನೆಯ ಬಚ್ಚಲಿನಿಂದ ನೀರಿನ ಸದ್ದೂ ಅದರ ಮೇಲೆ ಮಾಲೀಕನ ಹಾಡೂ ಕೇಳುತ್ತಿದ್ದವು. ಅವಳು ಹಸಿರು ಮೀಟರಿನ ವಾಲ್ವು ತಿರುಗಿಸಿದಳು. ಹಾಡು ಅರ್ಧಕ್ಕೇ ನಿಂತಿತು.

"ಯಾರ್ರೀ ಅದು ನೀರು ನಿಲ್ಲಿಸಿದ್ದು? ಕಣ್ಣು ತುಂಬ ಸೋಪಿದೆ ಇಲ್ಲಿ."

ಟೈಲರಮ್ಮ ಬಚ್ಚಲಿನ ಕಿಟಕಿಯ ಹತ್ತಿರ ಹೋಗಿ ನಿಧಾನವಾಗಿ ಹೇಳಿದಳು:

"ನಿಲ್ಲಿಸಿರೋದು ನನ್ನ ಮನೆ ನೀರು ಅಣ್ಣಾ. ನೀವು ಆರಾಮಾಗಿ ಸ್ನಾನ ಮುಗಿಸಿ."