ಊರಿಗೆಲ್ಲ ಅಕ್ಕ

ಊರಿನಲ್ಲಿ ಯಾರಿಗೆ ಕಾಯಿಲೆಯಾದರೂ ಅವರ ಜೊತೆ ಬಸ್ಸು ಹತ್ತುವವಳು ನಮ್ಮಮ್ಮ. ನಮಗೆ ಅಡುಗೆ ಮಾಡಿಟ್ಟು, "ಬೆಕ್ಕು ಬಂದೀತು, ನೋಡ್ಕೊಳ್ರೋ" ಎಂದು ಕೂಗುತ್ತಲೇ ಹೊರಡುತ್ತಿದ್ದಳು. ಬಸ್ಸಿನಲ್ಲಿ ಅವಳಿಗೇ ವಾಂತಿ; ಎಷ್ಟೋ ಸಲ ರೋಗಿಯೇ ಅವಳ ಬೆನ್ನು ನೀವಿದ್ದುಂಟು. ಆಸ್ಪತ್ರೆ ಮುಟ್ಟಿದಳೆಂದರೆ ಮಾತ್ರ ಹುಲಿ. ವಾರ್ಡಿನೊಳಗೆ ಸಂಬಂಧಿಕರನ್ನಷ್ಟೇ ಬಿಡುತ್ತಿದ್ದರು. ಹಾಗಾಗಿ ಅವಳು ಎಲ್ಲರಿಗೂ ಅಕ್ಕನಾಗಿಬಿಡುತ್ತಿದ್ದಳು. "ಹೋದ ವಾರಾನೂ ತಂಗಿ, ಈ ವಾರಾನೂ ತಂಗಿ. ಎಷ್ಟು ಜನ ಇದ್ದೀರಮ್ಮಾ ನೀವು?" ಎಂದು ಕಾವಲುಗಾರ ಕೇಳಿದರೆ, "ಅದನ್ನ ನಮ್ಮಪ್ಪನ್ನೇ ಕೇಳ್ಬೇಕು ಕಣಪ್ಪಾ, ದಾರಿ ಬಿಡು" ಎನ್ನುವಳು. ಒಳ್ಳೆಯ ಸುದ್ದಿಯಿದ್ದರೆ ಊರು ಬರುತ್ತಲೇ ಬಸ್ಸಿನ ಕಿಟಕಿಯಿಂದ ಕೂಗಿ ಹೇಳುತ್ತಿದ್ದಳು. ಕೆಟ್ಟ ಸುದ್ದಿಯಾದರೆ ನಮ್ಮ ಮನೆಯಿಂದ ಬಿಸಿ ಊಟ ಒಯ್ದು, ಆ ಮನೆಯವರಿಗೆ ಉಣ್ಣಿಸಿದ ಮೇಲೆಯೇ ಹೇಳುವುದು. ಖಾಲಿ ಹೊಟ್ಟೆ ಅಂಥ ಮಾತು ತಾಳುವುದಿಲ್ಲ ಎಂಬುದು ಅವಳ ನಂಬಿಕೆ. ಊರಿಗೆಲ್ಲ ಗೊತ್ತಿದ್ದ ನೇಮ. ಪಕ್ಕದ ಮನೆಯ ದರ್ಜಿಯ ಹೆಂಡತಿ ಆಸ್ಪತ್ರೆಯಲ್ಲಿ ತೀರಿಕೊಂಡ ದಿನ, ದರ್ಜಿಯನ್ನು ಅಲ್ಲೇ ಬಿಟ್ಟು, ಅವರ ಮಗಳಿಗಾಗಿ ಅಮ್ಮ ಮೊದಲೇ ಬಂದಳು. ತಟ್ಟೆ ಹಿಡಿದು ಆ ಮನೆಯ ಮೆಟ್ಟಿಲು ಹತ್ತುವಾಗಲೇ ಹುಡುಗಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. "ನಂಗೆ ಹಸಿವಿಲ್ಲ ದೊಡ್ಡಮ್ಮ. ನಾನು ಊಟಾನೇ ಮಾಡಲ್ಲ." "ಆಯ್ತು ಮಗಾ, ಮಾಡ್ಬೇಡ" ಎಂದು ಅಮ್ಮ ತಟ್ಟೆಯನ್ನು ಕೆಳಗಿಟ್ಟು ಅವಳ ಪಕ್ಕದಲ್ಲಿ ಕೂತಳು. ಅನ್ನ ತಣ್ಣಗಾಯಿತು, ಬೀದಿಯಲ್ಲಿ ದೀಪ ಹತ್ತಿದವು. ಹುಡುಗಿ ತಾನಾಗಿಯೇ ತಟ್ಟೆಗೆ ಕೈ ಹಾಕುವವರೆಗೂ ನಮ್ಮಮ್ಮ ಒಂದು ಮಾತೂ ಆಡಲಿಲ್ಲ.