ಮಾವನ ಜೀಪು, ನನ್ನ ಖಾತೆ

“ಆಂಟಿ, ಓಡ್ಸೋರು ಯಾರು?”

ಕಳೆದ ವಾರ ಕಡೂರಿನಲ್ಲಿ ಹಳೇ ಗಾಡಿ ಮಾರುವವನೊಬ್ಬ ನನ್ನನ್ನು ಹೀಗೆ ಕೇಳಿದ. ನನಗೊಂದು ಹಳೇ ಫೋರ್ ವೀಲ್ ಜೀಪು ಬೇಕಿತ್ತು. (ಈ ವಯಸ್ಸಿನಲ್ಲಿ ಯಾಕೆ ಅಂತ ನೀವು ಕೇಳಬೇಡಿ. ಮನೆಯಲ್ಲಿ ಕೇಳಿ ಕೇಳಿ ಸುಸ್ತಾಗಿದ್ದಾರೆ.) ಆತ ಅರ್ಧ ಗಂಟೆಯಿಂದ ಇಂಜಿನ್ನು, ಗೇರು, ಟೈರು ಅಂತ ವಿವರಿಸುತ್ತಿದ್ದುದೆಲ್ಲ ನನ್ನ ಗಂಡನಿಗೆ. ಜೀವಮಾನದಲ್ಲಿ ಒಂದು ಗಾಡಿಯನ್ನೂ ನೆಟ್ಟಗೆ ಓಡಿಸದ ಮಹಾನುಭಾವರು ಗಂಭೀರವಾಗಿ ತಲೆಯಾಡಿಸುತ್ತಿದ್ದರು. ನಡುವೆ ನಾನು ಬಾಯಿ ಹಾಕಿ, “ಏರಿನಲ್ಲಿ ಫೋರ್ ವೀಲ್ ಲಿವರ್ ಜಾರುತ್ತೇನಪ್ಪಾ?” ಅಂದೆ. ಆಗ ಬಂತು ಈ ಪ್ರಶ್ನೆ.

ನಗು ಬಂತು. ನನ್ನ ಬದುಕು ತೀರ್ಮಾನವಾಗಿದ್ದೇ ಈ ಪ್ರಶ್ನೆಯಿಂದ!

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಅಜ್ಜಂಪುರದ ಕೊಬ್ಬರಿ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ. ನಮ್ಮವರು ತರೀಕೆರೆಯಲ್ಲಿ ಸೈನ್ಸ್ ಮೇಷ್ಟ್ರು. ಆಫ್ರಿಕಾದ ಜಾಂಬಿಯಾದಲ್ಲಿ ಅವರಿಗೊಂದು ಕೆಲಸ ಸಿಕ್ಕಿತು. ಕರಾರು ಮೂರು ವರ್ಷದ್ದು. ಅಲ್ಲಿಗೆ ಮೊದಲೇ ಹೋಗಿದ್ದ ಸ್ನೇಹಿತರು ಒಂದೇ ಮಾತು ಹೇಳಿದ್ದರು: “ಸ್ಕೂಲಿರೋದು ಕಾಡಿನ ಮಧ್ಯೆ. ಬಸ್ಸಿಲ್ಲ. ಮಳೆ ಹಿಡಿದರೆ ಫೋರ್ ವೀಲ್ ಗಾಡಿ ಮಾತ್ರ ಓಡಾಡೋದು. ಊರಿಗೆ ವಾಪಸ್ ಹೊರಟವರು ಹಳೇದನ್ನ ಮಾರಿ ಹೋಗ್ತಾರೆ, ಅದನ್ನ ಕೊಂಡ್ಕೊಳ್ಳಿ. ಆದರೆ ಡ್ರೈವಿಂಗ್ ಊರಲ್ಲೇ ಕಲಿತು ಬನ್ನಿ.”

ಇಷ್ಟು ಕೇಳಿದ್ದೇ ತಡ, ನಮ್ಮ ಮಾವನವರು ತೀರ್ಪು ಕೊಟ್ಟುಬಿಟ್ಟರು. “ಅವನು ಹೋಗ್ಬರ್ಲಿ. ದಾರಿಯಿಲ್ಲದ ಊರಿಗೆ ಸೊಸೇನ ಕಳ್ಸಲ್ಲ.”

ಮೂರು ವರ್ಷ! ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ. ಕೇಳಿದವರಿಗೆ ಹೊಗೆ ಅಂದೆ. ಆಗಿನ ಸೊಸೆಯರಿಗೆ ಸೌದೆ ಒಲೆಯಿಂದ ಇದೊಂದು ಅನುಕೂಲವಿತ್ತು. ಗ್ಯಾಸ್ ಬಂದ ಮೇಲೆ ಅದೂ ಹೋಯಿತು.

ನನ್ನ ಮುಖ ನೋಡಿಯೋ ಏನೋ, ಮಾವ ಸ್ವಲ್ಪ ಇಳಿದರು. “ಇಲ್ಲೇ ಒಂದು ಹಳೇ ಜೀಪು ತಗಳಾಣ. ಅವನು ಕಲ್ತು ತೋರಿಸ್ಲಿ. ಆಮೇಲೆ ನಿನ್ನ ವಿಚಾರ.” ಹಾಗೆ ಲಿಂಗದಹಳ್ಳಿ ಕಡೆಯ ಕಾಫಿ ತೋಟದವರೊಬ್ಬರಿಂದ ಹಳೇ ಜೀಪೊಂದು ನಮ್ಮ ಮನೆ ಮುಂದೆ ಬಂದು ನಿಂತಿತು. ಬಣ್ಣ ಯಾವುದೆಂದು ಹೇಳಲಾಗದಂಥ ಬಣ್ಣ. ಬಾಗಿಲಿಲ್ಲ. ನಮ್ಮವರು ಹೆಮ್ಮೆಯಿಂದ, “ಅಪ್ಪಾಜಿ, ಇದು ಫೋರ್ ವೀಲು” ಅಂದರು. ಮಾವ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಅದರಲ್ಲೇನೋ ವಿಶೇಷ? ಬ್ಯಾರೆ ಜೀಪೆಲ್ಲ ಮೂರು ಚಕ್ರದಾಗೆ ಓಡ್ತವಾ?” ಅಂದರು.

ಹೊಲವಿರಲಿ, ಮನೆಯಿರಲಿ, ನಮ್ಮಲ್ಲಿ ಹೆಸರುಬಲ ನೋಡಿಸದೆ ಏನನ್ನೂ ಕೊಳ್ಳುವಂತಿಲ್ಲ. ಅಯ್ಯನವರು ಬಂದರು, ಬೆರಳು ಮಡಿಸಿದರು. ಮೇಷ್ಟ್ರ ಹೆಸರಿಗೆ ಗಾಡಿ ಆಗಿಬರುವುದಿಲ್ಲ, ಸೊಸೆಯ ಹೆಸರಿಗೆ ಬಹಳ ಚೆನ್ನಾಗಿ ಆಗಿಬರುತ್ತದೆ ಅಂದರು. ಸರಿ, ಜೀಪು ನನ್ನ ಹೆಸರಿಗಾಯಿತು. ಮಾವ ಅದನ್ನು ಆರ್‌ಸಿ ಬುಕ್ ಅಂತ ಯಾವತ್ತೂ ಕರೆಯಲಿಲ್ಲ. ಅವರ ಬಾಯಲ್ಲಿ ಅದು “ಜೀಪಿನ ಖಾತೆ”.

ಕಲಿಸಲು ಹಿರೇನಲ್ಲೂರಿನ ರುದ್ರಣ್ಣ ಬಂದ. ಮಿಲಿಟರಿಯಲ್ಲಿ ಡ್ರೈವರ್ ಆಗಿದ್ದವನು. ನಮ್ಮವರು ಕ್ಲಚ್ಚಿನ ತತ್ವವನ್ನು ಬೋರ್ಡಿನ ಮೇಲೆ ಬರೆದು ತೋರಿಸಬಲ್ಲವರು. ಕಾಲಿಗೆ ಮಾತ್ರ ಆ ಪಾಠ ಹತ್ತಲಿಲ್ಲ. ಜೀಪು ಕುಪ್ಪಳಿಸುತ್ತಿತ್ತು, ನಿಲ್ಲುತ್ತಿತ್ತು. ಒಂದು ದಿನ ಸೀದಾ ಹೋಗಿ ನಮ್ಮದೇ ಕಾಯಿ ರಾಶಿಯ ಮೇಲೆ ಹತ್ತಿತು. “ಮೇಷ್ಟ್ರೇ, ಬಿರೇಕು! ಬಿರೇಕು ಕಣ್ರೀ!” ಅಂತ ರುದ್ರಣ್ಣ ಕೂಗುತ್ತಿದ್ದರೆ ಇವರು ಹಾರ್ನ್ ಒತ್ತುತ್ತಿದ್ದರು. ನಾನು ಜಗುಲಿಯ ಕಂಬ ಹಿಡಿದು ನೋಡುತ್ತಿದ್ದೆ. ಊರವರಿಗೆ ತಮಾಷೆ. ನನಗೆ ಪ್ರತಿ ಸಲ ಇಂಜಿನ್ ಆಫ್ ಆದಾಗಲೂ ಜಾಂಬಿಯಾ ಇನ್ನಷ್ಟು ದೂರವಾಗುತ್ತಿತ್ತು.

ಕೊನೆಗೆ ಇವರು ಕೈಚೆಲ್ಲಿದರು. ಮನೆ ಮುಂದೆ ಜೀಪು ಸುಮ್ಮನೆ ಯಾಕೆ ನಿಂತಿರಬೇಕು ಅಂತ ಮಾವ ಅದನ್ನು ವ್ಯಾಪಾರಕ್ಕೆ ಹಚ್ಚಿದರು. ಕಡೂರು, ತರೀಕೆರೆ, ಶಿವನಿ ಸ್ಟೇಷನ್ನು, ಎಲ್ಲೆಡೆ ರುದ್ರಣ್ಣನೇ ಓಡಿಸುತ್ತಿದ್ದ.

ಒಂದು ದಿನ ತರೀಕೆರೆಯ ಹೋಟೆಲಿನಲ್ಲಿ ಮಾವ ಕಾಫಿ ಕುಡಿಯುತ್ತಿದ್ದಾಗ ಯಾರೋ ಹೊರಗೆ ಕೈ ತೋರಿಸಿ, “ಜೀಪು ಯಾರ್ದು?” ಅಂದರಂತೆ. ಗಲ್ಲಾಪೆಟ್ಟಿಗೆಯವನು ತಲೆಯೆತ್ತದೆ, “ಹಿರೇನಲ್ಲೂರ್ ರುದ್ರಣ್ಣಂದು” ಅಂದನಂತೆ.

ಮಾವ ಕಾಫಿ ಅರ್ಧಕ್ಕೇ ಬಿಟ್ಟು ಮನೆಗೆ ಬಂದರು. ಮುಖ ಕಪ್ಪಿಟ್ಟಿತ್ತು. “ನಾಳೆಯಿಂದ ರುದ್ರಣ್ಣ ಸ್ಟೇರಿಂಗ್ ಮುಟ್ಟಂಗಿಲ್ಲ!”

“ಯಾಕೆ ಅಪ್ಪಾಜಿ? ಏನ್ ಮಾಡ್ದ?”

“ಏನೂ ಮಾಡಿಲ್ಲ. ಮಾಡ್ತಾನೆ. ಉಳುವವನೇ ಒಡೆಯ ಅಂತ ಭೂಮಿಗೆ ಕಾನೂನು ತಂದ್ರಲ್ಲ. ನಾಳೆ ಓಡಿಸುವವನೇ ಒಡೆಯ ಅಂತ ಗಾಡಿಗೂ ತಂದ್ರೆ? ಅವನು ಡಿಕ್ಲರೇಷನ್ ಹಾಕ್ಬಿಟ್ರೆ?”

ನಗಬೇಡಿ. ಗೇಣಿಗೆ ಕೊಟ್ಟಿದ್ದ ಒಂದು ಹೊಲ ಆಗಷ್ಟೇ ಅವರ ಕೈಬಿಟ್ಟಿತ್ತು. ಗೇಣಿದಾರ ಡಿಕ್ಲರೇಷನ್ ಹಾಕಿದ್ದ, ಅವನಿಗೇ ಆಯಿತು. ಉತ್ತವನಿಗೆ ಸಿಕ್ಕಿದ್ದು ನ್ಯಾಯವೇ ಇರಬಹುದು. ಮಾವನ ಹೊಟ್ಟೆಯಲ್ಲಿ ಆ ಉರಿ ಇನ್ನೂ ಆರಿರಲಿಲ್ಲ, ಅಷ್ಟೇ. ಅವರು ನನ್ನ ಕಡೆ ತಿರುಗಿದರು.

“ಖಾತೆ ನಿನ್ನ ಹೆಸರಲ್ಲೈತೆ. ಖಾತೆ ಇದ್ದೋರೇ ಸಾಗುವಳಿ ಮಾಡ್ಬೇಕು. ಇನ್ಮೇಲೆ ನೀನೇ ಓಡ್ಸು ಕಣಮ್ಮಾ.”

ನಮ್ಮವರು ವಿದ್ಯಾವಂತರು ನೋಡಿ, “ಅಪ್ಪಾಜಿ, ಮೋಟಾರ್ ಕಾಯ್ದೆ ಬೇರೆ, ಭೂಸುಧಾರಣೆ...” ಅಂತ ಶುರುಮಾಡಿದರು. ನಾನು ಅವರ ಕಾಲು ತುಳಿದೆ. ಮದುವೆಯಾದ ಮೇಲೆ ಗಂಡನ ಕಾಲು ತುಳಿದದ್ದು ಅದೇ ಮೊದಲು. ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೇರಿಂಗ್ ಹಿಡಿದೆ. ಪಕ್ಕದಲ್ಲಿ ರುದ್ರಣ್ಣ. (ಕಲಿಸಬಹುದು, ಮುಟ್ಟಬಾರದು!) ಹಿಂದಿನ ಸೀಟಿನಲ್ಲಿ ಕಾವಲಿಗೆ ಮಾವ. “ಅಕ್ಕಾರೇ, ಅದು ಎತ್ತಿನ ಹಗ್ಗ ಅಲ್ಲ, ಜಗ್ಗಬ್ಯಾಡಿ” ಅನ್ನುತ್ತಿದ್ದ ರುದ್ರಣ್ಣ. ಶಿವನಿ ದಾರಿಯಲ್ಲಿ ರಾಗಿ ಕೊಯ್ಯುತ್ತಿದ್ದ ಹೆಂಗಸರು ಕುಡುಗೋಲು ಹಿಡಿದೇ ರಸ್ತೆಗೆ ಬಂದು ನೋಡುತ್ತಿದ್ದರು. “ಅಯ್ಯೋ, ಕೊಬ್ಬರಿ ಸಾಹುಕಾರ್ರ ಸೊಸೆ ಕಣೇ!” ಅಂತ ಕೂಗಿದರೆ, ಮಾವ ಟೋಪಿ ಸರಿಮಾಡಿಕೊಂಡು ಸೆಟೆದು ಕೂರುತ್ತಿದ್ದರು. ಲೈಸೆನ್ಸೂ ಬಂತು.

ಆಮೇಲೊಂದು ದಿನ ಲಿಂಗದಹಳ್ಳಿಯಿಂದ ಬರುತ್ತಿದ್ದೆವು. ನಮ್ಮವರೂ ಇದ್ದರು. ಮಳೆ ಸುರಿದು ನಿಂತಿತ್ತು. ಹಳ್ಳದ ಏರಿನಲ್ಲಿ ಹಿಂದಿನ ಚಕ್ರಗಳು ಕೆಸರಿಗೆ ಇಳಿದವು. ಒತ್ತಿದಷ್ಟೂ ತಿರುಗಿದವು, ಜೀಪು ಅಲುಗಲಿಲ್ಲ. ಇಳಿದು ನೂಕುವುದೇ ಸರಿ ಅಂತ ನಮ್ಮವರು ಪ್ಯಾಂಟ್ ಮಡಿಸತೊಡಗಿದರು. ಮಾವ ಹಿಂದಿನಿಂದ, “ಅದೇನೋ ಫೋರ್ ವೀಲು ಅಂತಿದ್ದನಲ್ಲಮ್ಮಾ ಇವನು, ಅದನ್ನ ಹಾಕು” ಅಂದರು.

ಹಾಕಿದೆ. ಮುಂದಿನ ಚಕ್ರಗಳು ನೆಲ ಕಚ್ಚಿದವು. ಜೀಪು ಒಮ್ಮೆ ನಡುಗಿ, ನಿಧಾನಕ್ಕೆ ಏರು ಹತ್ತಿ ನಿಂತಿತು. ಮಾವ ಮಗನ ಕಡೆ ತಿರುಗಿದರು.

“ಲೇ, ನೀನೊಬ್ಬನೇ ಹೋದ್ರೆ ಅಲ್ಲಿ ಬದುಕಲ್ಲ. ಇವಳನ್ನ ಕರ್ಕಂಡ್ ಹೋಗು.”

ಸ್ಟೇರಿಂಗ್ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಈ ಸಲ ಹೊಗೆಯ ನೆಪ ಬೇಕಾಗಲಿಲ್ಲ.

ಜಾಂಬಿಯಾದಲ್ಲಿ ಊರಿಗೆ ಹೊರಟಿದ್ದ ಟೀಚರೊಬ್ಬರಿಂದ ಹಳೇ ಫೋರ್ ವೀಲ್ ಗಾಡಿ ಕೊಂಡೆವು. ಹೆಸರುಬಲ ಸಮುದ್ರ ದಾಟಿದ ಮೇಲೆ ಬದಲಾಗುತ್ತದೋ ಇಲ್ಲವೋ ಗೊತ್ತಿರಲಿಲ್ಲ, ನನ್ನ ಹೆಸರಿಗೇ ಮಾಡಿಸಿದೆವು. ಸಂತೆಗೆ, ಆಸ್ಪತ್ರೆಗೆ, ನಮ್ಮ ಮಗಳು ಹುಟ್ಟುವ ಹಿಂದಿನ ವಾರದವರೆಗೂ ನಾನೇ ಓಡಿಸಿದೆ. ನಮ್ಮವರು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತುತ್ತಿದ್ದರು. ಮೂರು ವರ್ಷದ ಕರಾರು ಆರಾಯಿತು. ಮಧ್ಯೆ ಒಮ್ಮೆ ರಜಕ್ಕೆ ಬಂದಾಗ ಕಡೂರು ಸ್ಟೇಷನ್ನಿನ ಹೊರಗೆ ನಮ್ಮ ಜೀಪು ನಿಂತಿತ್ತು. ತಂದವನು ರುದ್ರಣ್ಣನೇ. ಮಾವ ಅವನಿಂದ ಕೀ ಇಸಿದುಕೊಂಡು, ಮಗನನ್ನು ಮಾತಾಡಿಸುವ ಮೊದಲೇ ನನ್ನ ಕೈಗಿಟ್ಟರು.

“ತಗಳಮ್ಮಾ. ನಿನ್ನ ಸಾಗುವಳಿ.”

ಮಾವ ಈಗಿಲ್ಲ. ಜೀಪೂ ಇಲ್ಲ. ಆ ಕೀ ಅಂಗೈಗೆ ಬಿದ್ದಾಗ ಬೆಚ್ಚಗಿತ್ತು. ಜೀಪು ನಿಲ್ಲಿಸಿದಾಗಿನಿಂದ ಮುಷ್ಟಿಯಲ್ಲೇ ಗಟ್ಟಿಯಾಗಿ ಹಿಡಿದಿದ್ದನಂತೆ ರುದ್ರಣ್ಣ, ಎಲ್ಲಿ ಕಳೆದೀತೋ ಅಂತ. ಇಷ್ಟು ವರ್ಷವಾದರೂ ಆ ಬಿಸಿ ನೆನಪಿದೆ.

ಕಡೂರಿನ ವ್ಯಾಪಾರ ಕುದುರಿತು. “ಖಾತೆ ನನ್ನ ಹೆಸರಿಗಪ್ಪಾ” ಅಂದೆ. “ಓ, ಲೇಡೀಸ್ ಹೆಸರಿಗಾ? ಈಗೆಲ್ಲ ಹಂಗೇ ಮಾಡ್ಸೋದು ಬಿಡಿ” ಅಂತ ನಕ್ಕು, ಆತ ಕೀಯನ್ನು ನನ್ನ ಗಂಡನ ಕೈಗೆ ಕೊಟ್ಟ!

ನಿಮ್ಮ ಮನೆ ಮುಂದಿನ ಗಾಡಿಯೂ ನಿಮ್ಮಾಕೆಯ ಹೆಸರಿನಲ್ಲೇ ಇದೆಯಾ? ಸಂತೋಷ. ಕೀ ಯಾರ ಜೇಬಿನಲ್ಲಿದೆ?