ಉಸಿರಿಗೆ ಸಾಕ್ಷಿ ಬೇಕಾದಾಗ

ಕಡಬಕ್ಕೆ ಬಂದ ಮೂರನೆಯ ಬೆಳಿಗ್ಗೆ ಮನೆಯ ಒಡತಿ ಝುಬೈದಾ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತರು. ಒಳಗೆ ಕಾಲಿಡಲಿಲ್ಲ. ಕಣ್ಣು ಮಾತ್ರ ನನ್ನ ಮಂಚದ ಕೆಳಗೆ, ಕಪಾಟಿನ ಸಂದಿಯಲ್ಲಿ ಹುಡುಕಾಡುತ್ತಿತ್ತು.

"ಮೇಡಂ, ನಿಮ್ಮ ರೂಮಿನಲ್ಲಿ ಹಾವು ಎಂತಾದ್ರೂ ಉಂಟಾ? ರಾತ್ರಿ ಇಡೀ ಬುಸ್ ಬುಸ್ ಅಂತ ಕೇಳ್ತದೆ."

ಹಾವಿರಲಿಲ್ಲ. ಇದ್ದದ್ದು ನನ್ನ ಸಿಪ್ಯಾಪ್ ಯಂತ್ರ. ಮಲಗಿದಾಗ ನನ್ನ ಗಂಟಲು ಮುಚ್ಚಿಕೊಳ್ಳುತ್ತದೆ, ಉಸಿರು ನಿಲ್ಲುತ್ತದೆ, ಮಿದುಳು ಗಾಬರಿಯಾಗಿ ಎಬ್ಬಿಸುತ್ತದೆ. ಹೀಗೆ ರಾತ್ರಿಗೆ ಎಷ್ಟೋ ಸಲ. ಈ ಯಂತ್ರ ಒಂದು ಕೊಳವೆಯ ಮೂಲಕ ಮೂಗಿನ ಮಾಸ್ಕಿಗೆ ಗಾಳಿ ಒತ್ತಿ, ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತದೆ. ಮಾಸ್ಕ್ ಹಳತಾಗಿ ಸಂದಿಯಿಂದ ಗಾಳಿ ಸೋರುತ್ತಿತ್ತು. ಬಯಲುಸೀಮೆಯ ನಮ್ಮೂರು ಇಂಡಿಯ ಮನೆಯಲ್ಲಿ ಅದನ್ನು ಯಾರೂ ಕೇಳಿಸಿಕೊಂಡಿರಲಿಲ್ಲ. ಇಲ್ಲಿ ಬಂದ ಎರಡೇ ರಾತ್ರಿಗೆ ಕೆಳಗಿನ ಮನೆಯವರು ಕೇಳಿಸಿಕೊಂಡಿದ್ದರು.

ನಾನು ಬ್ಯಾಂಕಿನಲ್ಲಿ ಗುಮಾಸ್ತಳಾಗಿ ಇಪ್ಪತ್ತಾರು ವರ್ಷ ದುಡಿದು, ಐವತ್ತೊಂದನೆಯ ವಯಸ್ಸಿಗೆ ಅಧಿಕಾರಿಯಾಗಿ ಬಡ್ತಿ ಪಡೆದವಳು. ಬಡ್ತಿಯ ಜೊತೆಗೇ ವರ್ಗವೂ ಬಂತು. ಮನೆಯವರದು ಇಂಡಿಯಲ್ಲಿ ಬೋರ್‌ವೆಲ್ ಮೋಟರ್ ವೈಂಡಿಂಗ್ ಅಂಗಡಿ, ಬಿಟ್ಟು ಬರುವಂಥದ್ದಲ್ಲ. ಮಗಳು ಮದುವೆಯಾಗಿ ಸೊಲ್ಲಾಪುರದಲ್ಲಿದ್ದಾಳೆ. ಹಾಗಾಗಿ ಎರಡು ಪೆಟ್ಟಿಗೆ, ಒಂದು ಸಿಪ್ಯಾಪ್ ಚೀಲ ಹಿಡಿದು ನಾನೊಬ್ಬಳೇ ಬಂದೆ.

ನಮ್ಮ ಕಡೆಯವರು ಫೋನು ಮಾಡಿದರೆ ಮೊದಲು ಕೇಳುವುದು ಊಟದ ಬಗ್ಗೆ. ಊಟದ ವಿಷಯ ಹೇಳಿಬಿಡುತ್ತೇನೆ. ಒಂದು ತಿಂಗಳಿಗಾಗುವಷ್ಟು ಜೋಳದ ಕಟಕ ರೊಟ್ಟಿ ತಂದಿದ್ದೆ. ನಮ್ಮಲ್ಲಿ ಅದನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟರೆ ಮುರಿದಾಗ ಹಪ್ಪಳದ ಹಾಗೆ ಸದ್ದು ಮಾಡುತ್ತದೆ. ಇಲ್ಲಿಯ ಜೂನ್ ತಿಂಗಳಲ್ಲಿ ಎರಡೇ ದಿನಕ್ಕೆ ಅದು ಒದ್ದೆ ಬಟ್ಟೆಯಂತಾಯಿತು, ಐದನೆಯ ದಿನ ಹಸಿರು ಬೂಸ್ಟು ಹಿಡಿಯಿತು. ಇಲ್ಲಿಯವರು ಉಣ್ಣುವುದು ಕುಚ್ಚಲಕ್ಕಿ, ಕೆಂಪಗೆ ದಪ್ಪಗಿನ ಅನ್ನ. ಮೊದಲ ದಿನ ಅದು ಇನ್ನೂ ಬೆಂದಿಲ್ಲವೆಂದು ಮತ್ತೆ ಒಲೆಯ ಮೇಲಿಟ್ಟಿದ್ದೆ. ಮನೆ ಬಾಡಿಗೆಗೆ ಕೊಡುವಾಗಲೇ ಝುಬೈದಾ ಹೇಳಿದ್ದರು, ನಮ್ಮದು ದಿನಾ ಮೀನು, ವಾಸನೆ ಮೇಲೆ ಬರ್ತದೆ, ಆಗ್ತದಾ ನಿಮಗೆ ಎಂದು. ಆಗುತ್ತದೆ ಎಂದಿದ್ದೆ. ಮೂರು ತಿಂಗಳಿಗೆ ನಿಜಕ್ಕೂ ಆಯಿತು.

ಭಾಷೆ ಇನ್ನೊಂದು. ಕರ್ನಾಟಕದಿಂದ ಕರ್ನಾಟಕಕ್ಕೇ ಬಂದಿದ್ದೇನೆ, ಭಾಷೆಯ ತೊಂದರೆ ಏನು ಎಂದುಕೊಂಡಿದ್ದೆ. ಕೌಂಟರಿಗೆ ಬರುವವರು ತುಳುವಿನಲ್ಲಿ ಶುರುಮಾಡುತ್ತಾರೆ, ನೆಲ್ಯಾಡಿ ಕಡೆಯ ರಬ್ಬರ್ ಬೆಳೆಗಾರರು ಮಲಯಾಳದಲ್ಲಿ, ಝುಬೈದಾ ಫೋನಿನಲ್ಲಿ ಗಂಡನ ಜೊತೆ ಬ್ಯಾರಿ ಭಾಷೆಯಲ್ಲಿ. ನನ್ನನ್ನು ಕಂಡ ಕೂಡಲೇ ಎಲ್ಲರೂ ಅಚ್ಚುಕಟ್ಟಾದ ಕನ್ನಡಕ್ಕೆ ತಿರುಗುತ್ತಾರೆ. ಆ ತಿರುಗುವಿಕೆಯಲ್ಲಿ ಮರ್ಯಾದೆ ಇದೆ. ಆದರೆ ನಾನು ಬಂದಾಗಲೆಲ್ಲ ಇವರ ನಗು ಅರ್ಧಕ್ಕೆ ನಿಲ್ಲುತ್ತದಲ್ಲ ಎಂದು ಅನಿಸುತ್ತಿತ್ತು. ಒಂದು ದಿನ ಮುದುಕಿಯೊಬ್ಬಳಿಗೆ ತುಳುವಿನಲ್ಲೇ "ಒಂಜಿ ನಿಮಿಷ ಕುಲ್ಲುಲೆ" ಎಂದೆ, ಒಂದು ನಿಮಿಷ ಕೂತುಕೊಳ್ಳಿ ಎಂದು. ಆಕೆ ಕೂತಳು. ಅಷ್ಟಕ್ಕೇ ಅಂದು ಸಂಜೆ ಮನೆಯವರಿಗೆ ಫೋನು ಮಾಡಿ ಹೇಳಿದೆ. ಅವರು ಹ್ಞೂಂ ಎಂದರು. ಹಿಂದೆ ಮೋಟರ್ ತಿರುಗುವ ಸದ್ದಿತ್ತು.

ಹೀಗೆ ಒಂದು ವರ್ಷ ಕಳೆಯಿತು. ಎರಡನೆಯ ಮಳೆಗಾಲದಲ್ಲಿ ಯಂತ್ರದ ಪರದೆಯ ಮೇಲೆ, ಮೋಟರಿನ ಆಯುಷ್ಯ ಮುಗಿದಿದೆ ಎಂಬ ಸೂಚನೆ ಬರಲು ಶುರುವಾಯಿತು. ಒಂದು ವಾರ ಹಾಗೇ ಓಡಿಸಿದೆ. ಎಂಟನೆಯ ದಿನ ಸುಟ್ಟ ವಾಸನೆ ಬಂದು ನಿಂತಿತು. ಮೋಟರ್ ತಾನೇ, ಕಳಿಸು, ಬಿಚ್ಚಿ ನೋಡ್ತೀನಿ ಎಂದರು ಮನೆಯವರು. ಬಿಚ್ಚಿದರೆ ವಿಮೆ ಸಿಗುವುದಿಲ್ಲ ಎಂದು ಬ್ಯಾಂಕಿನ ಸಹೋದ್ಯೋಗಿಗಳು ಎಚ್ಚರಿಸಿದರು. ನಮ್ಮ ಬ್ಯಾಂಕಿನ ಗುಂಪು ವಿಮೆಯಲ್ಲಿ ಈ ಯಂತ್ರಕ್ಕೆ ಅವಕಾಶವಿದೆ ಎಂಬುದು ನನಗೆ ಗೊತ್ತಾದದ್ದೇ ಆಗ. ಮೊದಲನೆಯದನ್ನು ಆರು ವರ್ಷದ ಹಿಂದೆ ಕೈಯಿಂದಲೇ ಹಣ ಕೊಟ್ಟು ಕೊಂಡಿದ್ದೆವು.

ಮಂಗಳೂರಿನ ಸರಬರಾಜುದಾರರಿಗೆ ಫೋನು ಮಾಡಿದೆ. ಅಲ್ಲಿಯ ಹುಡುಗಿ ಬಹಳ ಸಮಾಧಾನದಿಂದ ಹೇಳಿದಳು. ವೈದ್ಯರ ಚೀಟಿಯಿಲ್ಲದೆ ಯಂತ್ರ ಕೊಡುವುದಿಲ್ಲ, ಚೀಟಿಯಲ್ಲಿ ಗಾಳಿಯ ಒತ್ತಡ ಎಷ್ಟೆಂದು ಬರೆದಿರಬೇಕು. ವಿಮೆಯವರಿಗೆ ಫೋನು ಮಾಡಿದರೆ ಇನ್ನಷ್ಟು. ನಿದ್ದೆಯ ಪರೀಕ್ಷೆಯ ವರದಿ ಐದು ವರ್ಷಕ್ಕಿಂತ ಹಳತಾದ್ದರಿಂದ ಹೊಸದು ಬೇಕು. ಹಳೆಯ ಯಂತ್ರ ದುರಸ್ತಿಯಾಗುವುದಿಲ್ಲವೆಂದು ಸರಬರಾಜುದಾರರೇ ಬರೆದುಕೊಡಬೇಕು. ಅದನ್ನು ಕೊಂಡದ್ದು ಯಾವಾಗ ಎಂಬುದಕ್ಕೆ ಮೂಲ ಬಿಲ್ಲು ಬೇಕು. ಎಲ್ಲವೂ ಸೇರಿದ ಮೇಲೆ ಒಪ್ಪಿಗೆ, ಒಪ್ಪಿಗೆಗೆ ಮುಂಚೆ ಕೊಂಡರೆ ಒಂದು ಪೈಸೆಯೂ ಇಲ್ಲ. ಬಿಲ್ಲು ಇಂಡಿಯ ಮನೆಯ ಟ್ರಂಕಿನಲ್ಲಿತ್ತು. ಮನೆಯವರು ಹುಡುಕಿ ಬ್ಯಾಂಕಿನ ವಿಳಾಸಕ್ಕೆ ಕಳಿಸಿದರು. ಅದು ಬರಲು ಒಂಬತ್ತು ದಿನ ಹಿಡಿಯಿತು.

ಅಷ್ಟರಲ್ಲಿ ನಾನು ಯಂತ್ರವಿಲ್ಲದೆ ಮಲಗುತ್ತಿದ್ದೆ. ಮಲಗುತ್ತಿದ್ದೆ ಎನ್ನುವುದೇ ತಪ್ಪು. ಬೆಳಿಗ್ಗೆ ತಲೆ ಸೀಸದ ಹಾಗೆ ಭಾರ. ಕೌಂಟರಿನಲ್ಲಿ ಚೆಕ್ಕಿಗೆ ಮುದ್ರೆ ಒತ್ತಲು ಎತ್ತಿದ ಕೈ ಅಲ್ಲೇ ನಿಂತು, ಗ್ರಾಹಕರು ಮೇಡಂ, ಮೇಡಂ ಎಂದು ಕರೆದಾಗ ಎಚ್ಚರ. ಮ್ಯಾನೇಜರು ಬೇರೆಯವರ ಎದುರು ಏನೂ ಹೇಳದೆ, ಒಳಗೆ ಕರೆದು ನಗದಿನ ಕೆಲಸ ಸದ್ಯ ಬೇಡ ಎಂದರು. ಇಪ್ಪತ್ತೇಳು ವರ್ಷದಲ್ಲಿ ನನ್ನಿಂದ ನಗದು ಯಾರೂ ಕಿತ್ತುಕೊಂಡಿರಲಿಲ್ಲ. ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಪುತ್ತೂರಿನ ವೈದ್ಯರನ್ನು ಕಾಣಲು ಹೋದೆ. ಅವರು ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳುವ ಪುಟ್ಟ ಪೆಟ್ಟಿಗೆ ಕೊಟ್ಟರು. ಎದೆಗೆ ಪಟ್ಟಿ, ಬೆರಳಿಗೆ ಕ್ಲಿಪ್ಪು, ಮೂಗಿನ ಕೆಳಗೆ ನಳಿಕೆ. ಜೊತೆಗೆ ವಿಮೆಯವರ ನಮೂನೆಯ ಕೊನೆಯ ಪುಟ ತೋರಿಸಿ, ಇದನ್ನೂ ತುಂಬಿಸಿ ತನ್ನಿ ಎಂದರು. ರೋಗಿಯ ಕೋಣೆಯಲ್ಲೇ ಮಲಗುವವರ ಹೇಳಿಕೆ ಅದು. ಗೊರಕೆ ಇದೆಯೇ, ಉಸಿರು ನಿಲ್ಲುವುದನ್ನು ಕಂಡಿದ್ದೀರಾ, ಎಷ್ಟು ಹೊತ್ತು, ಎಂದು ಪ್ರಶ್ನೆಗಳು. ಕೆಳಗೆ ಹೆಸರು, ಸಂಬಂಧ, ಸಹಿ.

ಬಸ್ ನಿಲ್ದಾಣದಿಂದಲೇ ಮನೆಯವರಿಗೆ ಫೋನು ಮಾಡಿ ಪ್ರಶ್ನೆಗಳನ್ನು ಓದಿದೆ. ನೀವು ಬರೆದು ಫೋಟೋ ಕಳಿಸಿದರೆ ಸಾಕು ಎಂದೆ.

"ನಾ ಹೆಂಗ ಬರಿಲಿ ಸುವರ್ಣಾ? ಆರು ವರ್ಷಕ್ಕಿಂತ ಹೆಚ್ಚಾತು, ಬ್ಯಾರೆ ಖೋಲಿಯಾಗ ಮಲಗ್ತೀನಿ. ನೋಡಲಾರದ್ದನ್ನ ನೋಡೀನಿ ಅಂತ ಹೆಂಗ ಬರಿಲಿ?"

ಸಿಟ್ಟಿನಿಂದ ಹೇಳಿದ ಮಾತಲ್ಲ. ಅವರು ಸುಳ್ಳು ಹೇಳುವ ಮನುಷ್ಯರಲ್ಲ, ಸುಟ್ಟ ಮೋಟರನ್ನು ಸುಟ್ಟಿಲ್ಲ ಎಂದು ಯಾವ ರೈತನಿಗೂ ಹೇಳಿದವರಲ್ಲ. ನಾವು ಜಗಳವಾಡಿ ಬೇರೆ ಮಲಗಿದವರೂ ಅಲ್ಲ. ಮೊದಲು ನನ್ನ ಗೊರಕೆಗೆ ಅವರ ನಿದ್ದೆ ಕೆಡುತ್ತಿತ್ತು, ನಸುಕಿಗೆ ಎದ್ದು ಹೊಲಗಳಿಗೆ ಹೋಗಬೇಕಿತ್ತು. ಮೂಲೆ ಕೋಣೆಗೆ ಹೋದರು. ಯಂತ್ರ ಬಂದು ಗೊರಕೆ ನಿಂತ ಮೇಲೂ ಮರಳಲಿಲ್ಲ, ನಾನೂ ಕರೆಯಲಿಲ್ಲ. ಕಡಬಕ್ಕೆ ಬಂದು ಒಂಟಿಯಾದೆ ಎಂದುಕೊಂಡಿದ್ದೆನಲ್ಲ, ಅದು ಅಷ್ಟು ಸರಿಯಲ್ಲ ಎಂದು ಪುತ್ತೂರಿನ ಬಸ್ ನಿಲ್ದಾಣದಲ್ಲಿ ನಿಂತು ತಿಳಿಯಿತು.

ಬಸ್ಸು ಹತ್ತಿದೆ. ದಾರಿಯಲ್ಲಿ ಕೊಯಿಲ ಎಂಬ ಊರು ದಾಟಿದ್ದು ನೆನಪಿದೆ. ಆಮೇಲೆ ಕಣ್ಣು ಬಿಟ್ಟಾಗ ಬಸ್ಸು ಖಾಲಿಯಾಗಿತ್ತು, ಕಂಡಕ್ಟರು ಭುಜ ಅಲುಗಾಡಿಸುತ್ತಿದ್ದರು. ಕಡಬ ಹಿಂದೆ ಉಳಿದು ಸುಬ್ರಹ್ಮಣ್ಯ ಬಂದಿತ್ತು. ಪೆಟ್ಟಿಗೆ ಮಡಿಲಲ್ಲೇ ಇತ್ತು, ಫೋನಿನಲ್ಲಿ ಝುಬೈದಾ ಮಾಡಿದ ಏಳು ಕರೆಗಳಿದ್ದವು. ನನ್ನ ಕೀಲಿಯನ್ನು ಅವರ ಬಳಿ ಕೊಟ್ಟು ಹೋಗಿದ್ದೆ, ಸಂಜೆಯಾದರೂ ಬರಲಿಲ್ಲವೆಂದು ಗಾಬರಿಯಾಗಿದ್ದರು.

ಆಟೋದಲ್ಲಿ ಮರಳಿದಾಗ ಅವರು ಗೇಟಿನ ಹತ್ತಿರ ನಿಂತಿದ್ದರು. ಏನೂ ಕೇಳದೆ ಒಳಗೆ ಕೂರಿಸಿ, ಪತ್ತಿರಿ ಮತ್ತು ಕಡಲೆಯ ಗಸಿ ಬಡಿಸಿದರು. ಪತ್ತಿರಿಯೆಂದರೆ ಅಕ್ಕಿಯ ತೆಳು ರೊಟ್ಟಿ, ಗಸಿಯೆಂದರೆ ತೆಂಗಿನಕಾಯಿ ಅರೆದು ಹಾಕಿದ ಗಟ್ಟಿ ಸಾರು. ಮೀನಿನ ಪಾತ್ರೆಯನ್ನು ಆಚೆ ಸರಿಸಿದ್ದು ಕಂಡೆ. ತಿನ್ನುತ್ತ ತಿನ್ನುತ್ತ ಎಲ್ಲವನ್ನೂ ಹೇಳಿದೆ, ನಗದು ಹೋದದ್ದು, ಬಿಲ್ಲು, ಕೊನೆಯ ಪುಟ. ಮನೆಯವರು ಬರೆಯಲು ಆಗುವುದಿಲ್ಲ ಎಂದದ್ದನ್ನೂ ಹೇಳಿದೆ. ಅದನ್ನು ಹೇಳುವ ಉದ್ದೇಶವಿರಲಿಲ್ಲ.

ಝುಬೈದಾ ಆ ಪುಟ ತೆಗೆದುಕೊಂಡು ಓದಿದರು. ಅವರು ಹತ್ತನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಕಲಿತವರು. ಗಂಡ ಹದಿನೆಂಟು ವರ್ಷದಿಂದ ಗಲ್ಫಿನಲ್ಲಿದ್ದಾರೆ, ಎರಡು ವರ್ಷಕ್ಕೊಮ್ಮೆ ಬರುತ್ತಾರೆ.

"ನನ್ನ ಗಂಡ ಗೊರಕೆ ಹೊಡೀತಾರಾ ಅಂತ ಯಾರಾದ್ರೂ ಕೇಳಿದ್ರೆ ನಂಗೂ ಸರಿ ಗೊತ್ತಿಲ್ಲ ಅಕ್ಕ," ಎಂದರು. "ಇವತ್ತು ನಾನು ಮೇಲೆ ಮಲಗ್ತೇನೆ. ನೋಡಿದ್ದು ಬರೀತೇನೆ, ಆಗದಾ?"

ಅಲ್ಲಿಯವರೆಗೆ ನಾನು ಮೇಡಂ ಆಗಿದ್ದೆ.

ಅವರು ಚಾಪೆ, ದಿಂಬು ತಂದು ನನ್ನ ಮಂಚದ ಪಕ್ಕ ಹಾಸಿಕೊಂಡರು. ಎದೆಯ ಪಟ್ಟಿಯ ಕೊಕ್ಕೆ ಸಿಕ್ಕಿಸಲು ನೆರವಾದರು. ಪಕ್ಕದಲ್ಲಿ ಇನ್ನೊಬ್ಬರಿರುವಾಗ ಮಲಗುವುದೇ ನನಗೆ ಮರೆತುಹೋಗಿತ್ತು. ಯಾವ ಮಗ್ಗುಲಿಗೆ ತಿರುಗಬೇಕೆಂದು ತಿಳಿಯದೆ ಬಹಳ ಹೊತ್ತು ನೆಟ್ಟಗೆ ಮಲಗಿದ್ದೆ. ನಿದ್ದೆ ಯಾವಾಗ ಬಂತೋ ಗೊತ್ತಿಲ್ಲ.

ಬೆಳಿಗ್ಗೆ ಏಳುವಾಗ ಚಾಪೆ ಸುತ್ತಿಟ್ಟಿತ್ತು. ಮೇಜಿನ ಮೇಲೆ ಆ ಪುಟ ಇತ್ತು. ದುಂಡಗಿನ ಶಾಲೆಯ ಅಕ್ಷರ. ಅದನ್ನು ಇಲ್ಲಿ ಬರೆಯುತ್ತೇನೆ, ನನಗೆ ಬಾಯಿಪಾಠವಾಗಿದೆ.

"ಗೊರಕೆ ಜೋರಾಗಿ ಉಂಟು. ನಡುವೆ ಗೊರಕೆ ನಿಲ್ಲುತ್ತದೆ. ಆಗ ಉಸಿರು ಇರುವುದಿಲ್ಲ, ಎದೆ ಮಾತ್ರ ಹಾರುತ್ತದೆ. ನಾನು ಎಣಿಸಿದ್ದೇನೆ. ಹೆಚ್ಚಿನ ಸಲ ಇಪ್ಪತ್ತರವರೆಗೆ. ಒಮ್ಮೆ ಮೂವತ್ತೆರಡರವರೆಗೆ ಎಣಿಸಿದೆ. ಎರಡು ಸಲ ಹೆದರಿ ತಟ್ಟಿ ಎಬ್ಬಿಸಿದ್ದೇನೆ. ಅವರಿಗೆ ಅದು ಗೊತ್ತಿಲ್ಲ."

ಸಂಬಂಧ ಎಂಬಲ್ಲಿ "ಕೆಳಗಿನ ಮನೆ" ಎಂದು ಬರೆದಿದ್ದರು.

ವರದಿಯಲ್ಲಿ ಉಸಿರು ನಿಂತ ಲೆಕ್ಕ ಅಚ್ಚಾಗಿ ಬಂತು. ಪುತ್ತೂರಿನ ವೈದ್ಯರು ಚೀಟಿ ಬರೆದರು, ಸರಬರಾಜುದಾರರು ಹಳೆಯ ಯಂತ್ರ ತರಿಸಿ ನೋಡಿ ದುರಸ್ತಿ ಅಸಾಧ್ಯವೆಂದು ಬರೆದರು. ಎಲ್ಲವನ್ನೂ ಕಳಿಸಿದೆ. ಹತ್ತು ದಿನಕ್ಕೆ ಕೊನೆಯ ಪುಟ ಒಂದೇ ವಾಪಸು ಬಂತು. ಸಾಕ್ಷಿ ಕುಟುಂಬದವರಾಗಿರಬೇಕು ಅಥವಾ ಕುಟುಂಬದವರು ಓದಿ ಕೆಳಗೆ ಸಹಿ ಮಾಡಿರಬೇಕು ಎಂದಿತ್ತು. ನಾಚಿಕೆ ಬಿಟ್ಟು ಅದನ್ನೇ ಅಂಚೆಯಲ್ಲಿ ಇಂಡಿಗೆ ಕಳಿಸಿದೆ.

ಪುಟ ತಲುಪಿದ ದಿನ ಮನೆಯವರೇ ಫೋನು ಮಾಡಿದರು. ಅಂಗಡಿಯ ಸದ್ದಿರಲಿಲ್ಲ, ಹೊರಗೆ ಬಂದು ನಿಂತಿದ್ದಿರಬೇಕು.

"ಮೂವತ್ತೆರಡು ಅಂದ್ರ ಭಾಳ ಆತು," ಎಂದರು. "ನಾನೂ ಉಸಿರು ಹಿಡಿದು ಎಣಿಸಿ ನೋಡಿದೆ. ಆಗಲಿಲ್ಲ," ಎಂದರು.

ಸಹಿ ಮಾಡಿ ಅಂದೇ ಮರಳಿಸಿದರು. ಅದು ಕೈಸೇರಿ, ವಿಮೆಯವರಿಗೆ ಕಳಿಸಿದ ಮುಂದಿನ ವಾರ ಒಪ್ಪಿಗೆ ಬಂತು. ಸರಬರಾಜುದಾರರ ಕಡೆಯವರು ಮಂಗಳೂರಿನಿಂದ ಬಂದು, ಯಂತ್ರ ಜೋಡಿಸಿ, ನಾನು ಮಾಸ್ಕ್ ಹಾಕಿಕೊಂಡ ಫೋಟೋ ತೆಗೆದುಕೊಂಡು ಹೋದರು. ಅದೂ ವಿಮೆಯ ನಿಯಮ. ನಾಲ್ಕನೆಯ ದಿನಕ್ಕೆ ತಲೆಭಾರ ಇಳಿಯಿತು. ತಿಂಗಳ ಕೊನೆಗೆ ಮ್ಯಾನೇಜರು ನಗದಿನ ಕೀಲಿ ಮತ್ತೆ ಕೈಗೆ ಕೊಟ್ಟರು.

ದೀಪಾವಳಿಗೆ ಯಂತ್ರ ಹೊತ್ತುಕೊಂಡು ಇಂಡಿಗೆ ಹೋದೆ. ಬಯಲು ಕಂಡಾಗ ಎದೆ ಹಗುರಾದದ್ದು ನಿಜ, ಕಣ್ಣಿಗೆ ಅಡ್ಡ ಏನೂ ಇಲ್ಲದ ನೆಲ ಅದು. ಬಿಸಿ ರೊಟ್ಟಿ, ಕೆಂಪು ಖಾರ ತಿಂದೆ. ಆದರೆ ಗಾಳಿ ಒಣಗಿ ಗಂಟಲು ಉರಿಯಿತು, ಯಂತ್ರದಲ್ಲಿ ಗಾಳಿಗೆ ತೇವ ಕೊಡುವ ನೀರಿನ ತೊಟ್ಟಿ ಬೆಳಗಾಗುವ ಮುಂಚೆಯೇ ಖಾಲಿಯಾಗುತ್ತಿತ್ತು. ಮನೆಯವರು ಅದನ್ನು ತುಂಬಿಸಿಡುವುದು ಹೇಗೆಂದು ಕೇಳಿ ಕಲಿತರು. ರಾತ್ರಿ ಮೂಲೆ ಕೋಣೆಗೇ ಹೋದರು. ಬಾಗಿಲು ಮಾತ್ರ ಹಾಕಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಸರಬರಾಜುದಾರರ ಕಚೇರಿಯ ಆ ಹುಡುಗಿ ಫೋನು ಮಾಡಿದಳು. ಯಂತ್ರದ ಸೇವೆಗೆ ಒಂದೇ ವಿಳಾಸ ನೋಂದಾಯಿಸಲು ಸಾಧ್ಯ, ನಿಮ್ಮ ಕಾಗದಗಳಲ್ಲಿ ಎರಡು ವಿಳಾಸ ಇವೆ ಎಂದಳು. ಯಾವುದು ಬರೆಯಲಿ ಎಂದು ನಾನೇ ಅವಳನ್ನು ಕೇಳಿದೆ.

"ಹೆಚ್ಚು ದಿನ ನೀವು ಮಲಗುದು ಎಲ್ಲಿ ಮೇಡಂ?"

ಮನೆಯವರು ಎದುರಿಗೇ ಕುಳಿತು ತಂತಿಯ ಸುರುಳಿ ಬಿಡಿಸುತ್ತಿದ್ದರು. ಫೋನಿನ ದನಿ ಅವರಿಗೂ ಕೇಳಿಸಿತ್ತು.

ಕಡಬ ಎಂದೆ.

ಫೋನು ಇಟ್ಟ ಮೇಲೆ ಅವರು ಸುರುಳಿ ಕೆಳಗಿಟ್ಟು, ಗಿರಾಕಿಗಳ ವಿಳಾಸ ಬರೆದುಕೊಳ್ಳುವ ವಹಿ ತೆಗೆದು ಪೂರ್ತಿ ವಿಳಾಸ ಹೇಳು ಎಂದರು. ಒಂದೂವರೆ ವರ್ಷದಲ್ಲಿ ನಾನು ಇರುವ ಮನೆಯ ವಿಳಾಸವನ್ನು ಅವರು ಕೇಳಿದ್ದು ಅದೇ ಮೊದಲು, ನಾನು ಹೇಳಿದ್ದೂ ಅದೇ ಮೊದಲು. ನಿಧಾನವಾಗಿ ಬರೆದುಕೊಂಡರು. ಬರೆದು, ಸರಿಯಿದೆಯೇ ಎಂದು ಗಟ್ಟಿಯಾಗಿ ಓದಿದರು. ಸುವರ್ಣಾ, ಝುಬೈದಾ ಅವರ ಮನೆ, ಮೇಲಿನ ಮಹಡಿ, ಕಡಬ. ದೂರದ ಊರಿನ ಯಾರೋ ಹೆಣ್ಣುಮಗಳ ವಿಳಾಸ ಓದಿದ ಹಾಗಿತ್ತು. ನನಗೂ ಹಾಗೆಯೇ ಕೇಳಿಸಿತು.

ಸರಿಯಿದೆ ಎಂದೆ.